ಮನೆಸಾಲ: ಮೌನ ಪರಿಹಾರವಲ್ಲ



ಮನೆಸಾಲದ ಕಂತು ತಪ್ಪಿದಾಗ ಮಾನ ಹೋದೀತೆಂದು ನಾವು ಬ್ಯಾಂಕಿನ ಪತ್ರವನ್ನು ಒಡೆಯದೆ ಕಪಾಟಿನಲ್ಲಿಡುತ್ತೇವೆ. ಆ ಮೌನವೇ ಮನೆಯನ್ನು ಕಳೆಯುತ್ತದೆ. 2002ರ ಸರ್ಫೇಸಿ ಕಾಯ್ದೆಯನ್ವಯ ಬ್ಯಾಂಕು ಮೊಕದ್ದಮೆ ಹೂಡದೆಯೇ ಅಡವಿಟ್ಟ ಮನೆಯನ್ನು ವಶಪಡಿಸಿಕೊಳ್ಳಬಲ್ಲುದು. ಆದರೆ ಅದಕ್ಕೆ ಮುನ್ನ 60 ದಿನಗಳ ನೋಟೀಸು ಕಡ್ಡಾಯ. ನಾವು ಲಿಖಿತ ಆಕ್ಷೇಪ ಸಲ್ಲಿಸಿದರೆ, ಒಪ್ಪದ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಬೇಕು. ಈ ಅವಧಿಯಲ್ಲೇ ಆದಾಯದ ದಾಖಲೆಯೊಂದಿಗೆ, ಕಂತನ್ನಿಳಿಸಿ ಅವಧಿ ವಿಸ್ತರಿಸಲು ಕೋರೋಣ. ಒಪ್ಪುವುದು ಬ್ಯಾಂಕಿಗೆ ಬಿಟ್ಟದ್ದು. ಕೇಳುವುದು ನಮ್ಮ ಹೊಣೆ. ಲೋಕ ಅದಾಲತ್ತಿನಲ್ಲಾದ ರಾಜಿಯು ಡಿಕ್ರಿಗೆ ಸಮಾನ.

ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡುವಂತೆ ಪವಿತ್ರ ಕುರ್‌ಆನ್ (2:280) ಆದೇಶಿಸುತ್ತದೆ. ಆದ್ದರಿಂದ ಅದನ್ನು ಕೇಳುವುದು ಅವಮಾನವಲ್ಲ. ನೆರೆಯವನು ಬ್ಯಾಂಕಿನ ಮೆಟ್ಟಿಲೇರಲು ಅಂಜಿದರೆ, ನಮ್ಮ ಜಮಾಅತಿನ ಓದುಬರಹ ಬಲ್ಲವರು ಅವನ ಜೊತೆಗೆ ಹೋಗಲಿ.