ಕೂಡಿಕೆ, ಉಡಿಕೆ, ನೋಂದಣಿ

ಗಂಡು ಹೆಣ್ಣು ಒಂದೇ ಸೂರಿನಡಿ ಬಾಳುವುದನ್ನು ಹೇಳುವುದಕ್ಕೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಆಡುಮಾತಿನಲ್ಲಿ ಪದಗಳಿಗೆ ಬಡತನವಿಲ್ಲ. ಮೊದಲ ಸಲ ಬಾಸಿಂಗ ಕಟ್ಟಿ ಅಕ್ಕಿಕಾಳು ಹಾಕಿದರೆ ಅದು ಲಗ್ನ. ವಿಧವೆಗೋ ಗಂಡನಿಂದ ಬಿಡುಗಡೆ ಪಡೆದವಳಿಗೋ ನಾಲ್ವರು ಹಿರಿಯರ ಎದುರು ಸೀರೆ ಉಡಿಸಿ ಮನೆ ತುಂಬಿಸಿಕೊಂಡರೆ ಅದು ಉಡಿಕೆ. ಕೆಲವೆಡೆ ಅದನ್ನೇ ಕೂಡಿಕೆ ಎನ್ನುವುದುಂಟು. ಹಿರಿಯರೂ ಇಲ್ಲದೆ, ಸೀರೆಯೂ ಇಲ್ಲದೆ ಇಬ್ಬರೇ ಮನೆ ಹೂಡಿದರೋ, "ಅವ ಆಕೀನ್ನ ಇಟ್ಕೊಂಡಾನ" ಎಂದು ಜನ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಈ ವಾಕ್ಯದಲ್ಲಿ ಗಂಡಸು ಕರ್ತೃ, ಹೆಂಗಸು ಕರ್ಮ. ಇಟ್ಟುಕೊಂಡವನಿಗೆ ಅಂಟದ ಮಸಿ ಇಟ್ಟುಕೊಳ್ಳಲ್ಪಟ್ಟವಳಿಗೆ ಮಾತ್ರ ಅಂಟುತ್ತದೆ. ವ್ಯಾಕರಣ ಪಾಠ ಹೇಳುವವನ ಕಿವಿಗೆ ಇದು ತಟ್ಟದೆ ಇರದು.

ಈಚೆಗೆ ಪಟ್ಟಣದಲ್ಲಿ ಓದಿ ಬಂದ ತರುಣರು ಇದನ್ನು ಲಿವ್-ಇನ್ ಎನ್ನುತ್ತಾರೆ. ಪತ್ರಿಕೆಗಳು ಸಹಜೀವನ ಎಂದು ಬರೆಯುತ್ತವೆ. ಹೆಸರು ಯಾವುದೇ ಇರಲಿ, ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಮದುವೆಯಾಗದೆ ಕೂಡಿ ಬಾಳುವವರು ತಮ್ಮ ಸಂಬಂಧವನ್ನು ಸರಕಾರದ ದಫ್ತರದಲ್ಲಿ ಬರೆಯಿಸಬಹುದೆ? ಬರೆಯಿಸಲು ಬಾರದಿದ್ದರೆ, ಅವರಿಗೂ ಅವರ ಮಕ್ಕಳಿಗೂ ಇರುವ ಆಸರೆ ಯಾವುದು? ವಾಚಕರೆ, ಈ ವಿಷಯವನ್ನು ನಿಮ್ಮೊಡನೆ ಸ್ವಲ್ಪ ವಿಚಾರಿಸೋಣವೆಂದು ಹೊರಟಿದ್ದೇನೆ. ಕೂಡಿ ಬಾಳುವುದು ಸರಿಯೋ ತಪ್ಪೋ ಎಂಬ ತೀರ್ಪು ಇಲ್ಲಿಲ್ಲ. ಬಾಳುತ್ತಿರುವವರು ನಮ್ಮ ನಡುವೆ ಇದ್ದಾರೆ. ಅವರ ಮಕ್ಕಳು ನಮ್ಮ ಶಾಲೆಗಳಿಗೆ ಬರುತ್ತಾರೆ. ಅಷ್ಟು ಸಾಕು.

ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಕರ್ನಾಟಕದಲ್ಲಿ ಹಾಗೆ ಬರೆದುಕೊಳ್ಳುವ ಪುಸ್ತಕವೇ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಲದ ಖರೀದಿಗೆ ಪುಸ್ತಕವಿದೆ, ಮದುವೆಗೆ ಪುಸ್ತಕವಿದೆ, ಸಹಜೀವನಕ್ಕೆ ಇಲ್ಲ. ಹೊರದೇಶಗಳಲ್ಲಿ ಉಂಟು. ಡೆನ್ಮಾರ್ಕ್ ದೇಶವು 1989ರಲ್ಲಿ ಒಂದೇ ಲಿಂಗದ ಜೋಡಿಗಳಿಗಾಗಿ ಇಂಥ ನೋಂದಣಿಯನ್ನು ತೆರೆಯಿತು. ಫ್ರಾನ್ಸ್ 1999ರಲ್ಲಿ, ಮದುವೆ ಬೇಡವೆನ್ನುವ ಯಾವ ಇಬ್ಬರು ವಯಸ್ಕರೂ ಪರಸ್ಪರ ಒಪ್ಪಂದ ಬರೆದು ದಾಖಲು ಮಾಡಿಸಬಹುದೆಂಬ ಕಾಯಿದೆ ಮಾಡಿತು. ನಮ್ಮ ದೇಶದಲ್ಲಿ ಉತ್ತರಾಖಂಡ ರಾಜ್ಯದ ಸಮಾನ ನಾಗರಿಕ ಸಂಹಿತೆ 2025ರ ಜನವರಿ 27ರಿಂದ ಜಾರಿಗೆ ಬಂತು. ಅದರ ಮೇರೆಗೆ ಕೂಡಿ ಬಾಳುವವರು ಒಂದು ತಿಂಗಳೊಳಗೆ ನೋಂದಾಯಿಸಲೇಬೇಕು. ತಪ್ಪಿದರೆ ಸೆರೆಮನೆ ಅಥವಾ ದಂಡ. ಎರಡಕ್ಕೂ ಇರುವ ಅಂತರವನ್ನು ಗಮನಿಸಿರಿ. ಫ್ರಾನ್ಸಿನ ಪುಸ್ತಕ ಬೇಕಾದವರಿಗೆ ತೆರೆದ ಬಾಗಿಲು. ಉತ್ತರಾಖಂಡದ ಪುಸ್ತಕ ಎಲ್ಲರಿಗೂ ಹಾಕಿದ ನಾಕಾ. ಆದರೂ, ಕೈಬಿಟ್ಟ ಹೆಂಗಸು ಜೀವನಾಂಶ ಕೇಳಬಹುದು, ಹುಟ್ಟಿದ ಮಗು ಔರಸ ಸಂತಾನವೇ ಸರಿ ಎಂಬ ಎರಡು ಮಾತು ಅದರಲ್ಲಿವೆ ಎಂಬುದನ್ನೂ ಹೇಳಬೇಕು. ಒಂದೇ ಲಿಂಗದ ಜೋಡಿಗಳ ಅಹವಾಲನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್ 17ರಂದು ಕೇಳಿ, ಅದು ಶಾಸನಸಭೆಯ ಕೆಲಸವೆಂದು ಹೇಳಿತು.

ಇನ್ನು ನಮ್ಮ ಸೀಮೆಗೆ ಬರೋಣ. ವಾಡಿಯಲ್ಲಿ ಮುಂಬಯಿ, ಹೈದರಾಬಾದು, ರಾಯಚೂರು ಕಡೆಯ ರೈಲುದಾರಿಗಳು ಕೂಡುವಂತೆ ನಾನಾ ದಿಕ್ಕಿನ ಜನರೂ ಕೂಡುತ್ತಾರೆ. ಸಿಮೆಂಟು ಕಾರ್ಖಾನೆಗಳು ವಾಡಿಗೂ ಸೇಡಂ ತಾಲೂಕಿಗೂ ಹೊರಊರಿನ ದುಡಿಯುವ ಜನವನ್ನು ತಂದಿವೆ. ಶಹಾಬಾದಿನ ಫರಸಿ ಕಲ್ಲಿನ ಗಣಿಗಳಲ್ಲಿ ಗಂಡಸರೂ ಹೆಂಗಸರೂ ಜೊತೆಯಲ್ಲಿ ಕಲ್ಲು ಹೊರುತ್ತಾರೆ. ಚಿಂಚೋಳಿಯ ತಾಂಡಾಗಳಿಂದ ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದಿಗೆ ಹೋದವರು ಅಲ್ಲಿಯೇ ಸಂಸಾರ ಹೂಡಿ ಮರಳುವುದುಂಟು. ಹೀಗೆ ಕೂಡಿದವರಲ್ಲಿ ಎರಡು ಬಗೆ. ಮದುವೆಯಾಗಬಲ್ಲವರಾಗಿದ್ದೂ ಆಗದವರು ಒಂದು ಬಗೆ. ಉಡಿಕೆಯೋ ಗುಡಿಯಲ್ಲಿ ತಾಳಿಯೋ ಆಗಿದ್ದರೂ ಅದನ್ನು ಮದುವೆ ಎಂದು ಹೇಳಲು ತಾವೇ ಅಂಜುವವರು ಇನ್ನೊಂದು ಬಗೆ.

ಎರಡನೆಯವರಿಗೆ ಮೊದಲು ಒಂದು ಸಮಾಧಾನದ ಮಾತು. ನಿಮ್ಮದು ಮದುವೆ ಅಲ್ಲವೆಂದು ಯಾರು ಹೇಳಿದರು? 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮು, ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯ ಪದ್ಧತಿಯಂತೆ ನಡೆದರೂ ಮದುವೆ ಮದುವೆಯೇ ಎನ್ನುತ್ತದೆ. ಸಮಾಜದಲ್ಲಿ ಹಿಂದಿನಿಂದ ನಡೆದುಬಂದ ಉಡಿಕೆ ಹಾಗೆ ಸಿಂಧುವಾಗಬಹುದು. ಸೋಡಚೀಟಿ ಬರೆದುಕೊಂಡು ಬೇರೆಯಾಗುವ ರೂಢಿ ಇದ್ದರೆ ಅದನ್ನು ಕೂಡ ಅದೇ ಕಾಯಿದೆಯ 29ನೆಯ ಕಲಮು ಉಳಿಸಿದೆ. ಆದರೆ ರೂಢಿ ಎಂದು ಬಾಯಲ್ಲಿ ಅಂದರೆ ಸಾಲದು; ಕೋರ್ಟಿನಲ್ಲಿ ಸಾಕ್ಷಿಯಿಂದ ಸ್ಥಾಪಿಸಬೇಕು. ಮೊದಲಿನ ಗಂಡ ಅಥವಾ ಹೆಂಡತಿ ಬದುಕಿದ್ದು, ಆ ಸಂಬಂಧ ಕಾನೂನಿನಂತೆ ಹರಿಯದೆ ಉಳಿದಿದ್ದರೆ ಯಾವ ಉಡಿಕೆಯೂ ನಿಲ್ಲದು. ಆದುದರಿಂದ ಉಡಿಸಿದ ಹಿರಿಯರು ಬದುಕಿರುವಾಗಲೇ, ಕಂಡವರ ನೆನಪು ಮಾಸುವ ಮುನ್ನವೇ, ಅವರನ್ನು ಸಾಕ್ಷಿಯಾಗಿ ಕರೆದುಕೊಂಡು ಹೋಗಿ ನೋಂದಣಿ ಮಾಡಿಸುವುದು ಜಾಣತನ. ಹಿಂದೆ ಯಾವುದೋ ಕ್ರಿಯೆ ನಡೆದು ಅಂದಿನಿಂದ ಸತಿಪತಿಗಳಂತೆ ಬಾಳಿದವರು 1954ರ ವಿಶೇಷ ವಿವಾಹ ಕಾಯಿದೆಯ 15ನೆಯ ಕಲಮಿನಲ್ಲಿಯೂ ನೋಂದಾಯಿಸಬಹುದು. ನೋಂದಣಿಯ ದಿನ ಇಬ್ಬರಿಗೂ 21 ತುಂಬಿರಬೇಕು. ಹಾಗೆ ನೋಂದಾಯಿಸಿದರೆ ಆ ಕ್ರಿಯೆ ನಡೆದ ದಿನದಿಂದಾಚೆ ಹುಟ್ಟಿದ ಮಕ್ಕಳೆಲ್ಲರೂ ಔರಸರೆಂದೇ ಲೆಕ್ಕ.

ಇನ್ನು ಯಾವ ಕ್ರಿಯೆಯೂ ಇಲ್ಲದೆ ಬಾಳುವವರ ಮಾತು. ಇದು ಹೊಸ ಕಾಲದ ಹೊಸ ಪ್ರಶ್ನೆ ಎಂದುಕೊಂಡರೆ ನಮ್ಮ ನೆಲವನ್ನೇ ಮರೆತಂತಾಯಿತು. ಶಹಾಬಾದಿನ ಸಮೀಪದ ಮರತೂರನ್ನು ವಿಜ್ಞಾನೇಶ್ವರನ ಊರೆಂದು ಗುರುತಿಸುತ್ತಾರೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವೇ ಭಾರತದ ಬಹುಭಾಗಕ್ಕೆ ದಾಯಭಾಗದ ಕಾನೂನಾಯಿತು. ಅದರಲ್ಲಿ "ಅವರುದ್ಧ ಸ್ತ್ರೀ" ಎಂಬ ಮಾತು ಬರುತ್ತದೆ. ಅವರುದ್ಧ ಎಂದರೆ ತಡೆದಿರಿಸಿದ. ಮದುವೆಯಿಲ್ಲದೆ ಒಬ್ಬನ ಮನೆಯಲ್ಲೇ ನೆಲೆನಿಂತ ಹೆಂಗಸು ಎಂದು ತಾತ್ಪರ್ಯ. ಅವನ ಕೊನೆಯವರೆಗೂ ಅವನಿಗೇ ನಿಷ್ಠಳಾಗಿದ್ದ ಅಂಥವಳಿಗೆ, ಅವನು ತೀರಿದ ಮೇಲೆ ಅವನ ಆಸ್ತಿಯಿಂದ ಅನ್ನವಸ್ತ್ರ ಸಲ್ಲಬೇಕೆಂದು ನ್ಯಾಯಾಲಯಗಳು ಈ ಶಾಸ್ತ್ರವನ್ನಾಧರಿಸಿ ಒಪ್ಪಿದ್ದವು. 1926ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಹಾಗೆಯೇ ತೀರ್ಪಿತ್ತಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಬಂದಾಗ ಅವಲಂಬಿಗಳ ಪಟ್ಟಿಯಿಂದ ಅವಳ ಹೆಸರು ಬಿಟ್ಟುಹೋಯಿತು. ಒಬ್ಬನಿಗೆ ಒಬ್ಬಳೇ ಹೆಂಡತಿ ಎಂಬ ಒಳ್ಳೆಯ ನಿಯಮವನ್ನು ತಂದ ಆ ಕಾಲವೇ, ಮರತೂರಿನ ಪಂಡಿತನ ಗ್ರಂಥದಿಂದ ಅವಳಿಗೆ ದೊರೆತಿದ್ದ ಹಿಡಿ ಅನ್ನವನ್ನು ತೆಗೆದುಬಿಟ್ಟಿತು ಎನ್ನಬೇಕು.

ಆ ಬಾಗಿಲು ಮತ್ತೆ ಅರೆಯಾಗಿ ತೆರೆದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಿಂದ. ಅದು ಹೆಂಡತಿಗೆ ಮಾತ್ರವಲ್ಲದೆ "ವಿವಾಹದ ಸ್ವರೂಪದ ಸಂಬಂಧ"ದಲ್ಲಿ ಬಾಳಿದ ಹೆಂಗಸಿಗೂ ರಕ್ಷಣೆ, ಮನೆಯಲ್ಲಿ ವಾಸ, ಜೀವನಾಂಶ ಕೊಡುತ್ತದೆ. ಯಾವುದು ಅಂಥ ಸಂಬಂಧ? 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ನಾಲ್ಕು ಲಕ್ಷಣ ಹೇಳಿತು: ಇಬ್ಬರೂ ಸಮಾಜದ ಎದುರು ಸತಿಪತಿಗಳಂತೆ ನಡೆದುಕೊಂಡಿರಬೇಕು, ಮದುವೆಯ ವಯಸ್ಸಾಗಿರಬೇಕು, ಮದುವೆಗೆ ಬೇರೆ ಅಡ್ಡಿ ಇರಬಾರದು, ಸ್ವಇಚ್ಛೆಯಿಂದ ಸಾಕಷ್ಟು ಕಾಲ ಕೂಡಿ ಬಾಳಿರಬೇಕು. ಮೂರನೆಯದರ ಬಿಗಿ ಎಷ್ಟೆಂಬುದು 2013ರ ನವೆಂಬರ್ 26ರಂದು ಬೆಂಗಳೂರಿನ ಪ್ರಕರಣವೊಂದರಲ್ಲಿ ಕಂಡುಬಂತು. ಅನೇಕ ವರ್ಷ ಜೊತೆಯಲ್ಲಿ ಬಾಳಿದ ಹೆಂಗಸಿಗೆ ಕೆಳಗಿನ ಕೋರ್ಟು ತಿಂಗಳಿಗೆ 18,000 ರೂಪಾಯಿ ಕೊಡಿಸಿತ್ತು. ಆತನಿಗೆ ಹೆಂಡತಿ ಮಕ್ಕಳಿರುವುದು ಅವಳಿಗೆ ತಿಳಿದಿತ್ತಾದ ಕಾರಣ ಕೊನೆಯಲ್ಲಿ ಅವಳಿಗೆ ಏನೂ ದಕ್ಕಲಿಲ್ಲ. ಇಂಥವರಿಗಾಗಿ ಸಂಸತ್ತು ಕಾನೂನು ಮಾಡಬೇಕೆಂದು ಅದೇ ತೀರ್ಪು ಹೇಳಿತು. ಇದಕ್ಕೆ ಬಹಳ ಹಿಂದೆ, 1978ರಲ್ಲಿ, ಸುಮಾರು ಐವತ್ತು ವರ್ಷ ಸತಿಪತಿಗಳಂತೆ ಬಾಳಿದವರ ಬಗ್ಗೆ ಅದೇ ನ್ಯಾಯಾಲಯ, ಅವರು ಮದುವೆಯಾದವರೆಂದೇ ಭಾವಿಸಬೇಕು, ಅಲ್ಲವೆನ್ನುವವನೇ ಸಿದ್ಧಮಾಡಲಿ ಎಂದಿತ್ತು.

ನೋಡಿದಿರಾ? ಇವೆಲ್ಲವೂ ಜಗಳವಾದ ಮೇಲೆ, ಕೋರ್ಟಿನ ಕಟ್ಟೆ ಹತ್ತಿದ ಮೇಲೆ ದೊರೆಯುವ ಆಸರೆಗಳು. ಮುಂಚಿತವಾಗಿ ಕೈಯಲ್ಲಿ ಹಿಡಿಯಬಹುದಾದ ಕಾಗದ ಒಂದೂ ಇಲ್ಲ. ಕಾಗದ ಯಾವಾಗ ಬೇಕಾಗುತ್ತದೆ? ಇಬ್ಬರೂ ಗಟ್ಟಿಯಾಗಿ ದುಡಿಯುತ್ತಿರುವಾಗ ಬೇಡ. ಒಂದು ದಿನ ಗಣಿಯಲ್ಲಿ ಕಲ್ಲು ಜಾರಿ ಅವನು ಸತ್ತನೆಂದು ಊಹಿಸಿರಿ. ಹನ್ನೆರಡು ವರ್ಷ ಬುತ್ತಿ ಕಟ್ಟಿದವಳು ಬಾಗಿಲಲ್ಲಿ ನಿಂತಿರುತ್ತಾಳೆ. ಕಂಡರಿಯದ ಅಣ್ಣತಮ್ಮಂದಿರು ಬಂದು ಪರಿಹಾರದ ಅರ್ಜಿಗೆ ರುಜು ಹಾಕುತ್ತಾರೆ. ಭವಿಷ್ಯನಿಧಿಯ ನಿಯಮದಲ್ಲಿ ಹೆಂಡತಿ ಎಂಬ ಪದವಿದೆ, ವಿಧವೆ ಎಂಬ ಪದವಿದೆ; ಅವಳಿಗೆ ಒಪ್ಪುವ ಪದವಿಲ್ಲ. ಅವಳ ಹನ್ನೆರಡು ವರ್ಷ ಯಾವ ಖಾನೆಯಲ್ಲಿಯೂ ಬರೆಯಲ್ಪಟ್ಟಿಲ್ಲ.

ಮಕ್ಕಳ ಪಾಡು ಇಷ್ಟು ಕಠಿಣವಲ್ಲ. ಅವಿವಾಹಿತ ತಾಯಿಯೇ ಮಗುವಿನ ಸಹಜ ಪಾಲಕಿ ಎಂದು ಹಿಂದೂಗಳಿಗೆ 1956ರ ಕಾಯಿದೆ ಹೇಳಿದೆ. 2015ರ ಜುಲೈ 6ರಂದು ಸರ್ವೋಚ್ಚ ನ್ಯಾಯಾಲಯ, ಅಂಥ ತಾಯಿ ಪ್ರಮಾಣಪತ್ರ ಕೊಟ್ಟು ಕೇಳಿದರೆ ತಂದೆಯ ಹೆಸರಿಲ್ಲದೆಯೇ ಜನನ ಪತ್ರ ಕೊಡಬೇಕೆಂದು ಆಜ್ಞಾಪಿಸಿತು. ಅಸಿಂಧು ಮದುವೆಯ ಮಕ್ಕಳಿಗೂ ತಂದೆತಾಯಿಗಳ ಪಾಲಿಗೆ ಬರುವ ಆಸ್ತಿಯಲ್ಲಿ ಹಕ್ಕುಂಟೆಂದು 2023ರ ಸೆಪ್ಟೆಂಬರ್ 1ರಂದು, ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣದಲ್ಲಿ, ತೀರ್ಪಾಗಿದೆ. ಶಾಲೆಯ ದಾಖಲಾತಿ ಪುಸ್ತಕ ಮುಂದಿಟ್ಟುಕೊಂಡು ಕುಳಿತ ನಮ್ಮಂಥ ಮಾಸ್ತರರು ಇದನ್ನು ತಿಳಿದಿರಬೇಕು. "ಅಪ್ಪನ ಹೆಸರೇನವ್ವಾ?" ಎಂದು ಎಲ್ಲರೆದುರು ಎರಡೆರಡು ಸಲ ಕೇಳಿ ತಾಯಿಯ ತಲೆ ತಗ್ಗಿಸುವ ಅಗತ್ಯವಿಲ್ಲ.

ಹಾಗಾದರೆ ಈಗ ಮಾಡಬಹುದಾದದ್ದೇನು? ಅಡ್ಡಿ ಇಲ್ಲದವರಿಗೆ ವಿಶೇಷ ವಿವಾಹ ಕಾಯಿದೆಯೇ ನೇರ ದಾರಿ. ಜಾತಿ ಕೇಳದು, ಧರ್ಮ ಕೇಳದು, ಪುರೋಹಿತನೂ ಬೇಡ, ಊಟವೂ ಬೇಡ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಒಬ್ಬರಾದರೂ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು. ತಿಳುವಳಿಕೆ ಪತ್ರ ಕೊಟ್ಟು 30 ದಿನ ಕಾದು, ಮೂವರು ಸಾಕ್ಷಿಗಳೊಂದಿಗೆ ರುಜು ಹಾಕಬೇಕು. ತೊಡಕಿರುವುದು ಆ 30 ದಿನಗಳಲ್ಲಿಯೇ. ಇಬ್ಬರ ಹೆಸರು ವಿಳಾಸಗಳು ಕಚೇರಿಯ ಗೋಡೆಯ ಮೇಲೆ ತೂಗುತ್ತವೆ. ಜಾತಿ ಮೀರಿ ಕೂಡಿದವರಿಗೆ ಅದು ಮನೆಯವರನ್ನು ಕೂಗಿ ಕರೆದಂತೆ. ಹರಳಯ್ಯ ಮಧುವರಸರ ಮಕ್ಕಳ ಲಗ್ನಕ್ಕಾಗಿ ಕಲ್ಯಾಣ ಕೆಟ್ಟ ಕಥೆಯನ್ನು ಮಕ್ಕಳಿಗೆ ಹೇಳುವ ನಾಡು ಇದು; ಆ ಗೋಡೆಯ ಕಾಗದವನ್ನು ತೆಗೆದುಹಾಕಬೇಕೆಂಬ ಬೇಡಿಕೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಮದುವೆ ಬೇಡವೆನ್ನುವವರು ಬಿಡಿ ಬಿಡಿಯಾಗಿ ಕಾಗದ ಮಾಡಿಕೊಳ್ಳಬೇಕು. ಸ್ವಂತ ಗಳಿಕೆಯ ಆಸ್ತಿಗೆ ಇಬ್ಬರು ಸಾಕ್ಷಿಗಳ ಎದುರು ಮೃತ್ಯುಪತ್ರ ಬರೆದಿಡಲಿ; ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಬಲ ಹೆಚ್ಚು. (ಮುಸ್ಲಿಮರಿಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನ ಮಿತಿಯಿದೆ.) ಬಾಡಿಗೆ ಕರಾರು, ಬ್ಯಾಂಕಿನ ಖಾತೆ ಇಬ್ಬರ ಹೆಸರಲ್ಲಿರಲಿ. ಮುಂದೆ ಕೂಡಿ ಬಾಳಿದ್ದಕ್ಕೆ ಇವೇ ಸಾಕ್ಷಿ. ಛಾಪಾ ಕಾಗದದ ಮೇಲೆ ನೋಟರಿಯ ಮುದ್ರೆ ಒತ್ತಿಸಿ "ನಾವು ಗಂಡಹೆಂಡಿರು" ಎಂದು ಬರೆಯಿಸಿಕೊಟ್ಟು ಹಣ ಕೀಳುವವರ ಮಾತಿಗೆ ಮರುಳಾಗಬೇಡಿರಿ. ಮದುವೆ ನೋಂದಾಯಿಸುವ ಅಧಿಕಾರ ನೋಟರಿಗೆ ಇಲ್ಲ. ಹೊಡೆತ ಬಡಿತವಾದರೆ, ಮನೆಯಿಂದ ಹೊರಗೆ ಹಾಕಿದರೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿಯನ್ನು ಕಾಣಬೇಕು. ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವನ್ನು ಎಷ್ಟೇ ಆದಾಯವಿರಲಿ, ಯಾವ ಹೆಂಗಸಾದರೂ ಪುಕ್ಕಟೆಯಾಗಿ ಪಡೆಯಬಹುದು.

ಸಹಜೀವನಕ್ಕೂ ಒಂದು ಪುಸ್ತಕ ಬೇಕೆ? ಬೇಕು, ಆದರೆ ಅದು ಬೇಕೆಂದವರು ಬರೆಯಿಸುವ ಪುಸ್ತಕವಾಗಿರಲಿ, ಪೋಲೀಸರು ಬಂದು ತೋರಿಸೆನ್ನುವ ಪುಸ್ತಕವಾಗದಿರಲಿ. ಅದು ಬರುವ ತನಕ ನೆರೆಹೊರೆಯವರಾದ ನಮ್ಮ ಕೆಲಸ ದೊಡ್ಡದೇನಲ್ಲ. ನಿಮ್ಮ ಓಣಿಯಲ್ಲಿ ಉಡಿಕೆಯಾದ ಜೋಡಿ ಇದ್ದರೆ, ಅದನ್ನು ಕಣ್ಣಾರೆ ಕಂಡವರು ನೀವಾಗಿದ್ದರೆ, ಒಂದು ದಿನದ ಕೆಲಸ ಬಿಟ್ಟು ಅವರೊಡನೆ ಕಚೇರಿಗೆ ಹೋಗಿ ಸಾಕ್ಷಿಯ ರುಜು ಹಾಕಿ ಬನ್ನಿರಿ.