ಬೆರಳಿನ ಗಾಯ ಸಣ್ಣದೆನ್ನಬೇಡಿ
(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ಎಡಗೈಯಿಂದ ನಿಮ್ಮ ಬಲ ಮುಂಗೈಯನ್ನು ಹಿಡಿದು ಬೆರಳುಗಳನ್ನು ಆಡಿಸಿ ನೋಡಿ. ಒಳಗೆ ಮಾಂಸಖಂಡ ಕದಲುವುದು ತಿಳಿಯುತ್ತದೆ. ಬೆರಳುಗಳೊಳಗೆ ಮಾಂಸಖಂಡವೇ ಇಲ್ಲ. ಅವನ್ನು ಮಡಿಸುವ ಬಲ ಮುಖ್ಯವಾಗಿ ಮುಂಗೈಯದು. ಅದನ್ನು ಬೆರಳಿಗೆ ಮುಟ್ಟಿಸುವುದು ಹಗ್ಗದಂತಹ ಸ್ನಾಯುರಜ್ಜು. ಜನ ಇದನ್ನೂ 'ನರ' ಎನ್ನುತ್ತಾರೆ. ಆದರೆ ಸ್ಪರ್ಶವನ್ನು ತಿಳಿಸುವ ನರ ಬೇರೆ.

ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳಿಗೆ ಮಡಿಸುವ ರಜ್ಜುಗಳು ಸಾಮಾನ್ಯವಾಗಿ ಎರಡೆರಡು. ಒಂದು ನಡುಗಿಣ್ಣನ್ನು, ಇನ್ನೊಂದು ತುದಿಗಿಣ್ಣನ್ನು ಮಡಿಸುತ್ತದೆ. ತೊಡಕಿರುವುದು ಇಲ್ಲಿಯೇ. ಗಾಜೋ ಚಾಕುವೋ ತಗುಲಿ ಒಂದು ತುಂಡಾದರೂ ಬೆರಳು ಅರ್ಧ ಮಡಿಯುತ್ತದೆ. ರಕ್ತ ನಿಂತಿತು, ಗಾಯ ಮಾಯಿತು ಎಂದು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ತುಂಡಾದ ರಜ್ಜು ಹಿಂದೆ ಸರಿದು ಕುಗ್ಗಿರುತ್ತದೆ. ಮೊದಲ ಒಂದೆರಡು ವಾರದೊಳಗೆ ನೇರವಾಗಿ ಜೋಡಿಸಬಹುದಾದದ್ದಕ್ಕೆ, ತಡವಾದರೆ ಬೇರೆ ಕಡೆಯ ರಜ್ಜು ತಂದು ಕಸಿ ಮಾಡಬೇಕಾದೀತು.

ಆದ್ದರಿಂದ ಒಂದು ಪರೀಕ್ಷೆ ನೆನಪಿಡಿ. ನಡುಗಿಣ್ಣನ್ನು ನೇರವಾಗಿ ಹಿಡಿದು ತುದಿಯನ್ನು ಮೆಲ್ಲಗೆ ಮಡಿಸಲು ಹೇಳಿ, ಬಲವಂತ ಬೇಡ. ತುದಿ ಮಡಿಯದಿದ್ದರೆ, ಅಥವಾ ಮರಗಟ್ಟಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಡಿದರೂ ಆಳವಾದ ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು.

ಅಂಗೈಯಿಂದ ಬೆರಳಿನ ನಡುಭಾಗದವರೆಗೆ ಎರಡೂ ರಜ್ಜುಗಳು ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಸಾಗುತ್ತವೆ. 1944ರಲ್ಲಿ ಕೈಯ ಶಸ್ತ್ರಚಿಕಿತ್ಸೆಯ ಬಗ್ಗೆ ಪ್ರಸಿದ್ಧ ಗ್ರಂಥ ಹೊರತಂದ ಅಮೆರಿಕದ ಸ್ಟರ್ಲಿಂಗ್ ಬನೆಲ್ ಈ ಭಾಗವನ್ನು 'ನೋ ಮ್ಯಾನ್ಸ್ ಲ್ಯಾಂಡ್' ಎಂದು ಕರೆದರು. ಇಲ್ಲಿ ಜೋಡಿಸಿದ ರಜ್ಜು ಸುತ್ತಲಿನ ಕೊಳವೆಗೆ ಅಂಟಿಕೊಂಡು ಬೆರಳು ಬಿಗಿಯುತ್ತಿತ್ತು. 1960ರ ದಶಕದಲ್ಲಿ ಲೂಯಿವಿಲ್‌ನ ಹೆರಾಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು ಅಲ್ಲಿಯೂ ಕೂಡಲೇ ಜೋಡಿಸಿ, ಬೆರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಬೇಗನೆ ಆಡಿಸತೊಡಗಿದರು. ರೋಗಿ ಬೆರಳು ಚಾಚುತ್ತಾನೆ, ಬ್ಯಾಂಡ್ ಅದನ್ನು ಮರಳಿ ಮಡಿಸುತ್ತದೆ. ರಜ್ಜಿನ ಮೇಲೆ ಭಾರ ಬೀಳದೆ ಚಲನೆ ಉಳಿಯುತ್ತದೆ.

ಇದರ ಪಾಠವೇನು? ಶಸ್ತ್ರಚಿಕಿತ್ಸೆ ಅರ್ಧ ಕೆಲಸ. ವೈದ್ಯರು ಹೇಳಿದಷ್ಟೇ, ಹೇಳಿದಂತೆಯೇ ಮಾಡುವ ವ್ಯಾಯಾಮ ಉಳಿದರ್ಧ. ಕೈಗೆ ಮೊದಲಿನ ಭಾರದ ಕೆಲಸ ಕೊಡಲು ಸುಮಾರು 12 ವಾರ ಬೇಕು. ಬಡಗಿಗೆ, ಮೆಕ್ಯಾನಿಕ್‌ಗೆ, ಬೀಡಿ ಕಟ್ಟುವ ತಾಯಿಗೆ ಅಷ್ಟು ದಿನ ಕೂಲಿಯಿಲ್ಲ. ಆದ್ದರಿಂದಲೇ ಎಷ್ಟೋ ಮಂದಿ ವ್ಯಾಯಾಮವನ್ನು ನಡುವೆಯೇ ಬಿಟ್ಟು ಕೆಲಸಕ್ಕೆ ಮರಳುತ್ತಾರೆ. ಜೋಡಿಸಿದ ರಜ್ಜು ಮತ್ತೆ ಹರಿಯುತ್ತದೆ.

ವಿದ್ಯಾರ್ಥಿಗಳೇ, ಈ ಪರೀಕ್ಷೆಯನ್ನು ಮನೆಮನೆಗೆ ತಿಳಿಸಿ. ಹಿರಿಯರೇ, ಅಂಥವರ ಮನೆಯ 12 ವಾರಗಳ ಅಕ್ಕಿ ಬೇಳೆಯ ಕಡೆ ಗಮನ ಕೊಡಿ. ಒಂದು ಕೈ ಉಳಿದರೆ ಒಂದು ಸಂಸಾರ ಉಳಿಯುತ್ತದೆ.