ಕಥೆಗೆ ಹೂಂಗುಟ್ಟುವವರು

ಕಥೆಗೆ ಹೇಳುವವರು ಎಷ್ಟು ಮುಖ್ಯವೋ ಕೇಳುವವರೂ ಅಷ್ಟೇ ಮುಖ್ಯ. ಅಜ್ಜಿ ಕಥೆ ಹೇಳುವಾಗ ಮಕ್ಕಳು 'ಹೂಂ' ಎನ್ನುತ್ತಿರಬೇಕು; ಆ ದನಿ ನಿಂತರೆ ಕಥೆಯೂ ನಿಲ್ಲುತ್ತದೆ. ಫ್ರೆಂಚ್ ಮತ್ತು ಕ್ರಿಯೋಲ್ ನುಡಿಗಳ ನಾಡಾದ ಹೈಟಿಯಲ್ಲಿ ಕಥೆಗಾರ 'ಕ್ರಿಕ್' ಎಂದು ಕೂಗುತ್ತಾನೆ; ನೆರೆದವರು 'ಕ್ರಾಕ್' ಎಂದು ಓಗೊಟ್ಟ ಮೇಲೆಯೇ ಕಥೆಯ ಆರಂಭ. ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರಿಂದ ಒಡೆಯರು ಕಸಿದುಕೊಳ್ಳಲಾಗದೆ ಹೋದ ಸೊತ್ತು ಅದು.

ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಜನರ ಬಾಯಿಯ ಕಥೆಗಳಿಗೆ ಅರಮನೆಯ ಒಪ್ಪವಿಟ್ಟು ಅಚ್ಚು ಹಾಕಿಸಿದ. ಅವನ ಸಿಂಡ್ರೆಲಾಳ ಗಾಜಿನ ಪಾದರಕ್ಷೆ ಲೋಕಪ್ರಸಿದ್ಧವಾಯಿತು. ಅವಳಿಗೆ ಕನ್ನಡದಲ್ಲೊಬ್ಬ ತಂಗಿಯಿದ್ದಾಳೆ, ಹೆಸರು ಹಂಚಿ. ಹೊನ್ನಿನ ಕೂದಲಿನ ಚೆಲುವೆ, ಮಣ್ಣಿನ ಮುಖವಾಡದಲ್ಲಿ ರೂಪ ಮರೆಸಿಕೊಂಡು ಸಾಹುಕಾರರ ಮನೆಯಲ್ಲಿ ಅಡುಗೆಗೆ ನಿಂತವಳು. ಬೀದಿಪಾಲಾದ ಅವಳನ್ನು ಕೊನೆಗೆ ಮನೆಯವರು ಗುರುತಿಸುವುದು ಅವಳ ಕೈಯಡುಗೆಯ ರುಚಿಯಿಂದ. ಒಲೆಯ ಮುಂದೆ ಕುಳಿತು ಕಥೆ ಕಟ್ಟಿದವರಿಗೆ ಪಾದರಕ್ಷೆಗಿಂತ ಅನ್ನವೇ ನಂಬಿಕೆಯ ಸಾಕ್ಷಿ. 1950ರ ದಶಕದಲ್ಲಿ ನಮ್ಮ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ ಹೆಣ್ಣುಮಕ್ಕಳ ಬಾಯಿಂದ ಇಂಥ ಕಥೆಗಳನ್ನು ಸಂಗ್ರಹಿಸಿದರು. ಹಂಚಿಯನ್ನು ಕುರಿತ ಅವರ ಇಂಗ್ಲಿಷ್ ಲೇಖನ 1982ರಲ್ಲಿ ಬೆಳಕು ಕಂಡಿತು.

ಅವರು ಹೊರತಂದ ಮತ್ತೊಂದು ಕನ್ನಡ ಕಥೆಯಲ್ಲಿ ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತು. ಆಕೆ ಯಾರಿಗೂ ಹೇಳಳು. ಸೆರೆಯಲ್ಲಿ ಬೇಸತ್ತ ಅವೆರಡೂ ಅವಳು ಮಲಗಿದ್ದಾಗ ಹೊರಬಿದ್ದು ಗಂಡಸಿನ ಅಂಗಿಯಾಗಿ, ಪಾದರಕ್ಷೆಯಾಗಿ ಮನೆಯಲ್ಲಿ ಕೂರುತ್ತವೆ. ಗಂಡನಿಗೆ ಸಂಶಯ, ಸಂಸಾರದಲ್ಲಿ ಕಲಹ. ಹೇಳದ ಕಥೆ ಸುಮ್ಮನಿರುವುದಿಲ್ಲವೆಂಬ ವಿವೇಕ ಇದರಲ್ಲಿದೆ.

ನಾನು ವಾಸಿಸುವ ಕ್ಯಾಂಪು ದಂಡಿನ ಪ್ರದೇಶ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಇಲ್ಲಿ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಗಡಿಯ ಮಾತು ನಮ್ಮ ಊರಿನಲ್ಲಿ ಬಹಳವಾಗಿದೆ. ಕಥೆ ಮಾತ್ರ ಗಡಿ ಕೇಳದೆ ನೆರೆಮನೆಯ ನುಡಿಯುಟ್ಟು ಹೊಸ್ತಿಲು ದಾಟುತ್ತದೆ. ಇಂದಿನ ಆತಂಕ ಬೇರೆ. ಅಜ್ಜಿ ಒಂದು ನುಡಿಯಲ್ಲಿ ಬಲ್ಲಳು, ಮೊಮ್ಮಗು ಇನ್ನೊಂದರಲ್ಲಿ ಓದುತ್ತದೆ. ನಡುವೆ ಕಥೆ ಬಾಯಿಗೆ ಬಾರದೆ ಉಳಿಯುತ್ತದೆ. ಹೇಳುವವರು ಇನ್ನೂ ಇದ್ದಾರೆ, ಕೇಳುವವರು ಎದ್ದುಹೋಗುತ್ತಿದ್ದಾರೆ. ಆದರೆ 'ಹೂಂ' ಎನ್ನಲು ಯಾವ ಮಾಧ್ಯಮದ ಶಾಲೆಯೂ ಬೇಕಿಲ್ಲ.

ಬಾನುಲಿಗೆ ಬಾಯಿ ಉಂಟು, ಕಿವಿ ಇಲ್ಲ. ನೀವು ಹೂಂಗುಟ್ಟಿದರೂ ನನಗೆ ಕೇಳಿಸದು. ಅದನ್ನು ನಿಮ್ಮ ಮನೆಯ ಹಿರಿಯರಿಗೆ ಕೇಳಿಸಿರಿ.